ಕೈಯಲ್ಲಿ ತಂದ ಉಸಿರು

ಬೆಟ್ಟಗಳೆಲ್ಲ ಇನ್ನೂ ಹಸಿಮಣ್ಣಿನ ಹಾಗೆ ಮೆತ್ತಗಿದ್ದ ಕಾಲದಲ್ಲಿ, ಅಜ್ಜಿ ಹೇಳುತ್ತಿದ್ದಳು, ಮನುಷ್ಯರ ಉಸಿರಿಗೆ ಕಾಲಿದ್ದವಂತೆ. ಎಲ್ಲಿ ಸತ್ತರೂ ಉಸಿರು ಎದ್ದು, ಮೈ ಕೊಡವಿಕೊಂಡು, ಗದ್ದೆಯ ಬದು ಹಿಡಿದು ನಡೆದು ತನ್ನ ಮನೆ ಸೇರುತ್ತಿತ್ತಂತೆ. ಒಂದು ದಿನ ಸಮುದ್ರದಲ್ಲಿ ಸತ್ತ ಬೆಸ್ತನೊಬ್ಬನ ಉಸಿರು ಒದ್ದೆ ಕಾಲಲ್ಲೇ ಸಾಹುಕಾರನ ಅಂಗಳ ದಾಟಿತು. ಒರೆಸಿದ್ದ ಕಲ್ಲುಹಾಸಿನ ಮೇಲೆ ಹೆಜ್ಜೆ ಮೂಡಿದವು. ಸಾಹುಕಾರನಿಗೆ ಸಿಟ್ಟು ಬಂದು ಲೋಕದ ಉಸಿರುಗಳ ಕಾಲನ್ನೆಲ್ಲ ಕತ್ತರಿಸಿ ಹಾಕಿದ. ಅಂದಿನಿಂದ ಹೊರಗೆ ಸತ್ತವರ ಉಸಿರು ಊರ ಬಾಗಿಲ ಆಲದ ಮರದ ಹತ್ತಿರವೇ ನಿಂತುಬಿಡುತ್ತದೆ. ಮನೆಯವರು ಯಾರಾದರೂ ಹೊತ್ತು ತರಬೇಕು, ಅದೂ ಸಾಯುವ ಮೊದಲೇ, ಮೈ ಬೆಚ್ಚಗಿರುವಾಗಲೇ. ತಣ್ಣಗಾದ ಮೈಗೆ ನಮ್ಮೂರಿನೊಳಗೆ ದಾರಿಯಿಲ್ಲ.

ಆ ಹೊರೆ ನನ್ನ ಪಾಲಿಗೆ ಬಂದ ದಿನ ಚಿಕ್ಕಪ್ಪ ಆಸ್ಪತ್ರೆಯ ವರಾಂಡದಲ್ಲಿ ನನ್ನ ಜಡೆ ಹಿಡಿದು ಜಗ್ಗಿದ.

“ಬೋಳಿಮಗಳೇ, ನಿಮ್ಮಪ್ಪನ್ನ ಕೊಲ್ಲಾಕೆ ಹೊಂಟಿದ್ದೀಯೇನೇ?”

ಬೆಂಚಿನ ಮೇಲೆ ಕೂತಿದ್ದ ಪೇಟೆಯವರು ತಿರುಗಿ ನೋಡಿದರು. ನನ್ನ ಬಿದಿರ ಟೋಪಿ ನೆಲಕ್ಕೆ ಬಿತ್ತು. ಅವ್ವ ಅದನ್ನೆತ್ತಿ ಧೂಳು ಒರೆಸುತ್ತ, “ಬುಡು ಗೆನ್‌ಫು. ವಯಸ್ಸಿಗೆ ಬಂದ ಹೆಣ್ಣು” ಎಂದಳು.

“ಆ ಮಿಷಿನ್ನು ಕಿತ್ರೆ ನಮ್ಮಣ್ಣ ಉಳೀತಾನಾ? ನೀನೇ ಯೋಳು ಅತ್ತಿಗೆ.”

“ಉಳೀತಾನೆ ಅಂತ ಯಾರಂದ್ರು? ಮನೇಲಿ ಸಾಯ್ಲಿ ಅಂದ್ವಿ.”

ಚಿಕ್ಕಪ್ಪ ಜಡೆ ಬಿಟ್ಟ. ದನಿ ತಗ್ಗಿಸಿದ. “ಧಣಿ ಯೋಳವ್ರೆ. ಇಲ್ಲೇ ಮುಗೀಲಿ ಅಂತ. ಸುಡೋದು, ಬೂದಿ ಕೊಡೋದು, ಎಲ್ಲಾ ಅವ್ರೇ ನೋಡ್ಕತಾರಂತೆ. ಸುಮ್ಕೆ ಊರೊಳಕ್ಕೆ ತಂದು ಯಾಕೆ ರಂಪ ಮಾಡ್ತೀರಿ?”

ಧಣಿ ಎಂದರೆ ತಿಂಗ್‌ಹುಯಿ. ಊರ ಹಿಂದಿನ ಬೆಟ್ಟ ಅವನದು. ಬೆಟ್ಟ ಒಡೆದ ಕಲ್ಲನ್ನು ಸಿಂಹ, ದೇವರು, ಗೋರಿಕಲ್ಲು ಮಾಡುವ ಶೆಡ್ಡುಗಳೂ ಅವನವು. ನಮ್ಮೂರ ಗಂಡಸರು ಆ ಶೆಡ್ಡುಗಳಲ್ಲಿ ಕಲ್ಲು ಕೊರೆಯುತ್ತಾರೆ, ಹೆಂಗಸರು ಕಲ್ಲು ಹೊರುತ್ತೇವೆ. ಚಿಕ್ಕಪ್ಪ ಅಲ್ಲಿಯ ಮೇಸ್ತ್ರಿ. ಕೊರೆಯುವ ಗಂಡಸರು ಒಬ್ಬೊಬ್ಬರಾಗಿ ಕೆಮ್ಮುತ್ತಾರೆ, ಸೊರಗುತ್ತಾರೆ, ಆಮೇಲೆ ಧಣಿಯ ಕಾರು ಅವರನ್ನು ಮರ್ಯಾದೆಯಿಂದ ಪೇಟೆಯ ಆಸ್ಪತ್ರೆಗೆ ಬಿಟ್ಟು ಬರುತ್ತದೆ. ಅವರು ಅಲ್ಲೇ ಸಾಯುತ್ತಾರೆ. ಹೊರಗೆ ಸತ್ತವರಾದ್ದರಿಂದ ಹೆಣ ಊರಿಗೆ ಬರುವುದಿಲ್ಲ. ಆಲದ ಮರದಾಚೆ ಟಾರ್ಪಾಲಿನ ಕೆಳಗೆ ಬೂದಿಯ ಮಡಕೆಗೆ ಊದುಬತ್ತಿ ಹಚ್ಚಿ ಮುಗಿಸುತ್ತೇವೆ. ಸಿಗರೇಟು ಜಾಸ್ತಿಯಾಗಿತ್ತಂತೆ ಎನ್ನುತ್ತಾರೆ. ಬೆಟ್ಟದ ದೆವ್ವ ಮೆಟ್ಟಿತ್ತಂತೆ ಎನ್ನುತ್ತಾರೆ. ಮನೆಯಲ್ಲಿ ಸತ್ತವರ ಮಾತು ಬೇರೆ. ನಡುಮನೆಯಲ್ಲಿ, ಬಾಗಿಲ ಕಡೆ ಕಾಲು ಮಾಡಿ ಹಲಗೆಯ ಮೇಲೆ ಮಲಗಿಸುತ್ತಾರೆ. ಇಡೀ ಊರು ಬಂದು ಮೈದಡವಿ, ಏನಾಯ್ತು, ಹೆಂಗಾಯ್ತು ಎಂದು ಕೇಳಿ, ಅತ್ತು ಹೋಗುತ್ತದೆ. ಧಣಿಯ ಶೆಡ್ಡಿನಲ್ಲಿ ಕೊರೆದ ಒಬ್ಬನೇ ಒಬ್ಬನೂ ಹಾಗೆ ಮಲಗಿದ್ದನ್ನು ನಾನು ನೋಡಿಲ್ಲ.

ನನ್ನಪ್ಪ ಗೆನ್‌ಮುವಿಗೆ ಇದು ಗೊತ್ತಿತ್ತು. ಗಂಟಲಿಗೆ ನಳಿಗೆ ಇಳಿಸಬೇಕೆಂದು ಡಾಕ್ಟರು ಅವಸರ ಮಾಡುತ್ತಿದ್ದಾಗ ಅವನು ಬೇಡ ಬೇಡ ಎಂದು ತಲೆಯಾಡಿಸಿದ್ದ. ಮಾತಿಗೊಂದು ಸಲ ಬಾಯಿ ತೆರೆದು ಗಾಳಿಗೆ ಹುಡುಕಾಡುತ್ತಿದ್ದ. “ಇದ್ನ... ಹಾಕುದ್ರೆ... ಮನೆ ಇಲ್ಲ ನಂಗೆ.” ಅವನ ತುಟಿ ನೀಲಿಗಟ್ಟಿತ್ತು. ನನಗೆ ಭಯವಾಯಿತು. “ಹಾಕ್ಸ್ಕೊ ಅಪ್ಪಾ. ಉಸಿರಿರುವಾಗ್ಲೇ ಮನೆ ಮುಟ್ಟುಸ್ತೀನಿ. ನಾನು ಹೊತ್ಕೊಂಡ್ ಹೋಗ್ತೀನಿ” ಎಂದೆ. ಆ ಮಾತಿಗೆ ಒಪ್ಪಿ ಬಾಯಿ ತೆರೆದ.

ಈಗ ಡಾಕ್ಟರು ಗಾಜಿನ ಬಾಗಿಲ ಹತ್ತಿರ ನಿಂತು ಅಪ್ಪನ ಎದೆಯ ಪಟವನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆಟ್ಟದ ಮೇಲೆ ಮಂಜು ಕೂತ ಹಾಗೆ ಎಲ್ಲ ಬೆಳ್ಳಗಿತ್ತು.

“ಒಳಗೆ ಗಾಳಿಗೆ ಜಾಗ ಉಳಿದಿಲ್ಲ ಕಣಮ್ಮ. ಕಲ್ಲಿನ ಪುಡಿ ಕೂತು ಕೂತು ಗಟ್ಟಿಯಾಗಿಬಿಟ್ಟಿದೆ. ಉಸಿರಾಡ್ತಿರೋದು ನಿಮ್ಮ ತಂದೆ ಅಲ್ಲ, ಮಿಷಿನ್ನು.”

“ಇಲ್ಲೇ ಬುಟ್ರೆ?”

“ಇನ್ನೂ ಕೆಲವು ದಿನ ಎಳೀಬಹುದು. ತೆಗೆದರೆ ಇವತ್ತೇ.”

“ನಿಮ್ಮಪ್ಪ ಆಗಿದ್ರೆ ಏನ್ ಮಾಡ್ತಿದ್ರಿ?”

ಡಾಕ್ಟರು ಪಟ ಸುತ್ತಿದರು. “ತೆಗೀರಿ ಅಂತ ನಾನು ಹೇಳೋ ಹಾಗಿಲ್ಲ. ಬೇಡ ಅಂತ ತಡೆಯೋ ಹಾಗೂ ಇಲ್ಲ. ನಿಮ್ಮನೆಯವರು ನಿರ್ಧಾರ ಮಾಡಬೇಕು.”

ನಮ್ಮನೆಯವರು ಎಂದರೆ ಅವ್ವ, ಚಿಕ್ಕಪ್ಪ, ನಾನು. ಅವ್ವ ಗೋಡೆ ನೋಡುತ್ತಿದ್ದಳು. ಚಿಕ್ಕಪ್ಪ ನೆಲ ನೋಡುತ್ತಿದ್ದ. ಅಪ್ಪನ ಆ ‘ಇನ್ನೂ ಕೆಲವು ದಿನ’ ನನ್ನ ಕೈಗೆ ಬಂದು ಕೂತಿತ್ತು. ಯಾರಿಗೆ ಅಧಿಕಾರ ಅದನ್ನು ತೆಗೆಯಲು, ಮಗಳಿಗಾ?

ನರ್ಸ್ ಚಿಯು ನನ್ನ ತೋಳು ಮುಟ್ಟಿ, “ಅವರನ್ನೇ ಕೇಳಬಾರದಾ? ಎಚ್ಚರ ಇದೆ” ಎಂದಳು.

ಒಳಗೆ ಹೋದೆ. ಮಿಷಿನ್ನು ಹುಶ್ ಎನ್ನುತ್ತಿತ್ತು, ಅಪ್ಪನ ಎದೆ ಏಳುತ್ತಿತ್ತು. ನಳಿಗೆ ಕದಲದಂತೆ ಅವನ ಬಾಯಿಗೆ ಪಟ್ಟಿ ಅಂಟಿಸಿದ್ದರು. ಕಣ್ಣು ತೆರೆದೇ ಇತ್ತು.

“ಅಪ್ಪಾ. ಇಲ್ಲೇ ಇದ್ರೆ ಇನ್ನಷ್ಟು ದಿನ ಇರ್ತೀಯಂತೆ. ಮನೆಗೆ ಹೊಂಟ್ರೆ ಇವತ್ತೇ ಹೋಗ್ತೀಯಂತೆ. ಏನ್ ಮಾಡಾನ?”

ಅವನು ನನ್ನನ್ನು ನೋಡಿದ. ಬೆರಳೆತ್ತಿ ಬಾಗಿಲು ತೋರಿಸಿದ.

ಚಿಯು ಮಂಚದ ಕೆಳಗಿಂದ ರಬ್ಬರಿನ ಚೀಲವೊಂದನ್ನು ತೆಗೆದು ನನ್ನ ಕೈಗಿಟ್ಟಳು. ಎಳೆ ಕುಂಬಳಕಾಯಿಯಷ್ಟಿತ್ತು. “ನಳಿಗೆಗೆ ಇದನ್ನು ಸಿಕ್ಕಿಸ್ತೀನಿ. ನೀನು ಉಸಿರು ತಗೊಂಡಾಗ ಒತ್ತು, ನೀನು ಬಿಟ್ಟಾಗ ಬಿಡು. ಜೋರಾಗಿ ಬೇಡ. ನಿಲ್ಲಿಸಬೇಡ.”

“ಕೈ ಸೋತ್ರೆ?”

ಅವಳು ನನ್ನ ಅಂಗೈ ತಿರುಗಿಸಿ ನೋಡಿದಳು. ಕಲ್ಲು ಹೊರುವ ಬಿದಿರ ಅಡ್ಡೆ ಹಿಡಿದು ಹಿಡಿದು ಅದು ಆಮೆಯ ಬೆನ್ನಿನಂತಾಗಿತ್ತು. “ಈ ಕೈ ಸೋಲಲ್ಲ ಬಿಡು” ಎಂದಳು. ಆಮೇಲೆ ಮುಖ ಬೇರೆ ಕಡೆ ಮಾಡಿ, “ದಾರೀಲಿ ಹೃದಯ ನಿಂತರೆ ನಿನಗೆ ಗೊತ್ತಾಗದೇ ಇರಬಹುದು. ನೀನು ಒತ್ತುತ್ತಿರೋವರೆಗೂ ಎದೆ ಏಳ್ತಾನೇ ಇರುತ್ತೆ” ಎಂದಳು.

ಆಸ್ಪತ್ರೆಯ ಮುಂದಿನ ವ್ಯಾನಿನವರು ನಮ್ಮೂರ ಹೆಸರು ಕೇಳಿ ಒಲ್ಲೆ ಎಂದರು. ತಿಂಗ್‌ಹುಯಿಯ ಗೊಡವೆ ಯಾರಿಗೂ ಬೇಕಿರಲಿಲ್ಲ. ಕೊನೆಗೆ ಚಿಕ್ಕಪ್ಪನೇ, ಯಾರ ಮುಖವನ್ನೂ ನೋಡದೆ, ಕಲ್ಲು ಸಾಗಿಸುವ ತನ್ನ ಮೂರು ಚಕ್ರದ ಗಾಡಿಯನ್ನು ಮೆಟ್ಟಿಲ ಹತ್ತಿರ ತಂದು ನಿಲ್ಲಿಸಿದ. “ಹತ್ತಿ. ಬೇಗ” ಎಂದ. ಅಣ್ಣನ ಕಾಲ ಕಡೆ ತಾನೇ ಹಿಡಿದು ಎತ್ತಿದ.

ಗಾಡಿ ಹೊರಟಿತು. ಒತ್ತು, ಬಿಡು. ಅವ್ವ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲು ಬೀಳದ ಹಾಗೆ ತನ್ನ ಹೂವಿನ ತಲೆವಸ್ತ್ರ ಬಿಚ್ಚಿ ಹಿಡಿದಿದ್ದಳು. ಸಿಂಪಿಚಿಪ್ಪಿನ ರಾಶಿಗಳು, ಉಪ್ಪಿನ ಮಡಿಗಳು, ಸಿಹಿಗೆಣಸಿನ ಹೊಲಗಳು ಹಿಂದಕ್ಕೆ ಸರಿದವು. ಅವ್ವ ಒಂದೊಂದನ್ನೂ ಅಪ್ಪನಿಗೆ ಹೇಳುತ್ತಿದ್ದಳು. “ಸೇತುವೆ ಬಂತು ಕಣ್ರೀ. ಸಮುದ್ರದಮ್ಮನ ಗುಡಿ ಬಂತು. ನೋಡಿ, ಗೆಣಸು ಎಷ್ಟ್ ಚೆಂದ ಹಬ್ಬೈತೆ.” ದಾರಿ ಹೇಳಬೇಕು, ಇಲ್ಲದಿದ್ದರೆ ಉಸಿರಿಗೆ ತಾನೆಲ್ಲಿದ್ದೇನೆಂದು ತಿಳಿಯುವುದಿಲ್ಲ.

ಹಳ್ಳವೊಂದಕ್ಕೆ ಗಾಡಿ ಇಳಿದೆದ್ದಾಗ ಅಪ್ಪ ನನ್ನ ಮಣಿಕಟ್ಟು ಹಿಡಿದ.

ಬಿಗಿಯಾಗಿ ಹಿಡಿದ. ಉಳಿ ಹಿಡಿದ ಕೈ ಅದು. ನನಗೆ ಚೀಲ ಒತ್ತುವುದು ಕಷ್ಟವಾಯಿತು.

“ಬೇಗ ಅಂತಾವ್ನೆ” ಎಂದಳು ಅವ್ವ. “ಗೆನ್‌ಫು, ಜೋರಾಗಿ ಓಡ್ಸು!”

ಚಿಕ್ಕಪ್ಪ ಹಿಂದೆ ತಿರುಗಿ ನೋಡಿದ. “ಬುಡು ಅಂತಾವ್ನೆ. ಸಾಕು ಅಂತಾವ್ನೆ. ನಮ್ಮಣ್ಣ ನಂಗೊತ್ತಿಲ್ವಾ? ಹಿಂಸೆ ಆಗ್ತೈತೆ ಅವ್ನಿಗೆ. ಬುಟ್ಬುಡೇ!”

“ಅಪ್ಪಾ, ಬುಡ್ಲಾ? ಬುಡು ಅಂದ್ರೆ ಕಣ್ಮುಚ್ಚು. ಬ್ಯಾಡ ಅಂದ್ರೆ ತೆಗಿ.”

ಎದುರಿನಿಂದ ಧಣಿಯ ಲಾರಿಯೊಂದು ಕಲ್ಲುಸಿಂಹಗಳನ್ನು ಹೇರಿಕೊಂಡು ಹಾದುಹೋಯಿತು. ಬಿಳಿ ಧೂಳು ನಮ್ಮ ಮೇಲೆ ಕವಿಯಿತು. ಅಪ್ಪನ ಕಣ್ಣು ಮುಚ್ಚಿತು. ನನ್ನದೂ ಮುಚ್ಚಿತು, ಅವ್ವನದೂ ಮುಚ್ಚಿತು. ಧೂಳಿಗೆ ಮುಚ್ಚಿದನೋ, ನನಗೆ ಉತ್ತರವಾಗಿ ಮುಚ್ಚಿದನೋ? ಧೂಳು ಇಳಿದ ಮೇಲೂ ಅವನು ಕಣ್ಣು ತೆರೆಯಲಿಲ್ಲ. ಕೈ ಮಾತ್ರ ಮಣಿಕಟ್ಟಿನ ಮೇಲೆಯೇ ಇತ್ತು. ಒತ್ತಿದೆ, ಬಿಟ್ಟೆ. ಒತ್ತಿದೆ.

ಆಲದ ಮರ ದೂರದಲ್ಲಿ ಕಾಣುವಾಗ ಆ ಕೈ ಜಾರಿತು. ಗಾಡಿಯ ಕುಲುಕಾಟಕ್ಕೆ ಜಾರಿರಬಹುದು. ಒಂದು ಕೈ ತೆಗೆದು ಅವನ ಎದೆ ಮುಟ್ಟಿ ನೋಡಬಹುದಿತ್ತು. ನಾನು ಮುಟ್ಟಲಿಲ್ಲ.

ಊರ ಕಲ್ಲುಕಮಾನಿಗೆ ಅಡ್ಡಲಾಗಿ ಕೆಂಪು ಬಟ್ಟೆ ಸುತ್ತಿದ ಹಗ್ಗ ಕಟ್ಟಿದ್ದರು. ಅದರಾಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಧಣಿ ತಿಂಗ್‌ಹುಯಿ ಚಹಾ ಕುಡಿಯುತ್ತ ಕೂತಿದ್ದ. ಪಕ್ಕದಲ್ಲಿ ಗಂಟೆ ಹಿಡಿದ ಪುರೋಹಿತ. ಆಸ್ಪತ್ರೆಯಿಂದ ಯಾರೋ ಆಗಲೇ ಫೋನು ಮಾಡಿದ್ದರು.

“ಗೆನ್‌ಫೂ” ಎಂದ ಧಣಿ, ಮೆಲ್ಲಗೆ, ನಾಯಿಯನ್ನು ಕರೆಯುವ ಹಾಗೆ. “ಇಳಿಯೋ. ಬಾ ಈ ಕಡೆ. ಹಗ್ಗ ಸಡ್ಲ ಆಗೈತೆ, ಹಿಡ್ಕ.”

ಚಿಕ್ಕಪ್ಪ ಇಳಿದ. ಹೋಗಿ ಹಗ್ಗದ ತುದಿ ಹಿಡಿದು ನಿಂತ.

“ಏನೇ ಹುಡುಗಿ, ಹೆಣ ತಂದಿದ್ದೀಯಾ ಊರೊಳಕ್ಕೆ?”

“ಹೆಣ ಅಲ್ಲ ಧಣಿ, ಅಪ್ಪ. ಎದೆ ಏಳ್ತೈತೆ ನೋಡಿ.”

“ಪುರೋಹಿತ್ರೇ, ನೋಡ್ರಿ.”

ಪುರೋಹಿತ ಹಗ್ಗದಡಿ ನುಸುಳಿ ಬಂದು ಚೀಲದ ಬಾಯಿಯ ಹತ್ತಿರ ಹತ್ತಿಯ ಎಳೆಯೊಂದನ್ನು ಹಿಡಿದ. ನಾನು ಒತ್ತಿ ಬಿಟ್ಟೆ. ಅಪ್ಪನ ಎದೆ ಇಳಿದಾಗ ಎಳೆ ಅಲುಗಿತು. ಅವನು ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಗಂಟಲು ಸರಿಮಾಡಿಕೊಂಡು, “ಅಲುಗ್ತೈತೆ ಧಣಿ” ಎಂದ.

“ಅದು ಅವ್ಳ ಕೈ ಗಾಳಿ ಕಣಯ್ಯಾ! ನನ್ ಮುಕುಳಿಗೆ ಹಿಡಿದ್ರೂ ಅಲುಗ್ತೈತೆ.” ಹಿಂದಿದ್ದವರು ನಕ್ಕರು. ಧಣಿ ಚಹಾದ ಬಟ್ಟಲು ಕೆಳಗಿಟ್ಟ. “ಕೈ ತೆಗಿಯೇ. ಅವ್ನು ತಾನೇ ಉಸಿರಾಡುದ್ರೆ ಡೋಲು ಬಾರಿಸ್ಕಂಡು ಒಳಕ್ಕೆ ಕರ್ಕತೀನಿ. ತೆಗಿ.”

“ತೆಗಿಯಾಕಿಲ್ಲ.”

“ಊರಿಗೆ ಸೂತಕ ಹತ್ತುದ್ರೆ ಯಾರ್ ಹೊಣೆ? ಮಕ್ಕಳು ಮರಿ ಸತ್ರೆ? ಸಮುದ್ರಕ್ಕೆ ಹೋದ ದೋಣಿ ವಾಪಸ್ ಬರ್ದಿದ್ರೆ? ನಿನ್ ಲಂಗಕ್ಕೆ ಕಟ್ಕಂಡು ತಿರುಗ್ತೀಯಾ?”

“ಹೋದ ಚಳೀಲಿ ನಿಮ್ಮವ್ವನ್ನ ಕರ್ಕಬಂದ್ರಲ್ಲ ಧಣಿ” ಎಂದೆ. ಒತ್ತಿದೆ, ಬಿಟ್ಟೆ. “ದೊಡ್ಡ ಕಾರಲ್ಲಿ. ಆವತ್ತೂ ಹಿಂಗೇ ಚೀಲ ಒತ್ತುತಿದ್ರು. ಆ ಡಾಕ್ಟರ ಕೈ ತೆಗಿ ಅಂತ ಯಾರಂದ್ರು? ಊರೆಲ್ಲ ಮಂಡಿಯೂರ್ಲಿಲ್ವಾ? ನಾನೂ ಊರಿದ್ನಲ್ಲಾ?”

ನಗು ನಿಂತಿತು. ಪುರೋಹಿತ ಹತ್ತಿಯ ಎಳೆಯನ್ನು ಅಂಗಿಯ ತೋಳಿನೊಳಗೆ ಅಡಗಿಸಿಕೊಂಡ.

ಧಣಿ ಎದ್ದು ಬಂದ. ಹಗ್ಗದ ಮೇಲಿಂದಲೇ ಕೈ ಚಾಚಿ ನನ್ನ ಕೆನ್ನೆಗೆ ಬಾರಿಸಿದ. ನನ್ನೆರಡು ಕೈಗಳೂ ಚೀಲದ ಮೇಲಿದ್ದವು. ಒತ್ತಿದೆ. ಇನ್ನೊಂದು ಏಟು ಬಿತ್ತು. ಬಿಟ್ಟೆ. ಬಾಯಲ್ಲಿ ಉಪ್ಪುಪ್ಪಾಯಿತು.

“ಕಲ್ಲು ಹೊರೋ ಮುಂಡೆ, ನಮ್ಮವ್ವನ ಸರಿಸಾಟಿಗೆ ತತ್ತೀಯಾ ನಿಮ್ಮಪ್ಪನ್ನ?”

ಅವ್ವ ತಲೆವಸ್ತ್ರವನ್ನು ಅಪ್ಪನ ಮುಖಕ್ಕೆ ಅಡ್ಡ ಹಿಡಿದಳು. ನೋಡಬಾರದೆಂದು. ಅವನಿಗೆ ಕಾಣುತ್ತಿದೆ ಎಂದೇ ಅವಳು ನಂಬಿದ್ದಳು.

ಆ ಹೊತ್ತಿಗೆ ಬೆಟ್ಟದ ಕಡೆಯಿಂದ ಹೆಂಗಸರು ಇಳಿದು ಬರುತ್ತಿದ್ದರು. ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಅಡ್ಡೆಗೆ ತೂಗುಬಿದ್ದ ಗೋರಿಕಲ್ಲಿನ ಹಾಸು. ಹೆಜ್ಜೆಗೆ ಸರಿಯಾಗಿ ಹೇ ಹೋ ಎನ್ನುತ್ತ ಬರುವ ನನ್ನ ಜೊತೆಯವರು. ಕಮಾನಿನೊಳಗೆ, ಧಣಿಯ ಬೆನ್ನ ಹಿಂದೆ ಬಂದು ನಿಂತರು. ಮುಂದಿದ್ದವಳು ಯಿನ್‌ಚಾಯ್ ದೊಡ್ಡಮ್ಮ. ಅವಳ ಗಂಡ ಪೇಟೆಯಲ್ಲಿ ಸತ್ತವನು. ಟಾರ್ಪಾಲಿನ ಕೆಳಗೆ ಮಡಕೆಯಾದವನು.

“ದಾರಿ ಬುಡಿ ಧಣಿ. ಭಾರ ಐತೆ.”

“ನಿಂತ್ಕಳೇ ಅಲ್ಲೇ.”

“ನಿಂತ್ಕಳಾಕೆ ಇದೇನು ನಿಮ್ಮ ಕುರ್ಚಿನಾ? ಹೆಗಲು ಹರಿದೋಗ್ತೈತೆ.” ಅವಳು ಇಣುಕಿ ನನ್ನನ್ನು ನೋಡಿದಳು. ನನ್ನ ಕೆನ್ನೆ ನೋಡಿದಳು, ಕೈ ನೋಡಿದಳು. “ಯಾರೇ ಅದು, ಗೆನ್‌ಮು ಅಣ್ಣಯ್ಯನಾ? ಉಸಿರೈತಾ?”

“ಐತೆ ದೊಡ್ಡಮ್ಮ” ಎಂದೆ.

ಅವಳು ಸ್ವಲ್ಪ ಹೊತ್ತು ನನ್ನ ಕಣ್ಣನ್ನೇ ನೋಡಿದಳು. ಅವಳಿಗೆ ಏನು ಕಂಡಿತೋ ನನಗೆ ತಿಳಿಯದು. “ಐತಂತೆ ಕಣ್ರೇ!” ಎಂದು ಹಿಂದಿನವರಿಗೆ ಕೂಗಿದಳು. “ಇಳ್ಸಿ.”

ನಾಲ್ವರೂ ಒಟ್ಟಿಗೆ ಮಂಡಿ ಬಾಗಿಸಿದರು. ಗೋರಿಕಲ್ಲು ಧಣಿಯ ಕುರ್ಚಿಯ ಮೇಲೆಯೇ ಇಳಿಯಿತು. ಕುರ್ಚಿ ಲಟಕ್ಕನೆ ಒಡೆಯಿತು, ಚಹಾದ ಬಟ್ಟಲು ಪುಡಿಯಾಯಿತು. ಧಣಿ ಹಾರಿ ಪಕ್ಕಕ್ಕೆ ಸರಿದ.

“ಅಯ್ಯೋ, ಕೈ ಜಾರ್ತು ಧಣಿ” ಎಂದಳು ಯಿನ್‌ಚಾಯ್ ದೊಡ್ಡಮ್ಮ. ಅಡ್ಡೆಗಳನ್ನು ಕಲ್ಲಿಗೆ ಬಿಗಿದ ಹುರಿಯಿಂದ ಬಿಚ್ಚಿಕೊಂಡು ನಾಲ್ವರೂ ಕಮಾನಿನ ಹಗ್ಗದಡಿ ನುಸುಳಿ ಗಾಡಿಯತ್ತ ನಡೆದರು.

“ಗೆನ್‌ಫು! ಹಗ್ಗ ಬಿಗಿ ಹಿಡಿಯೋ! ಒಬ್ಳೂ ದಾಟಬಾರ್ದು!”

ಚಿಕ್ಕಪ್ಪ ಹಗ್ಗ ಬಿಗಿ ಹಿಡಿದ. ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಹೆಂಗಸರು ಗಾಡಿಯ ಹಿಂಬದಿಯ ಹಲಗೆ ಕಳಚಿ, ಅಪ್ಪನನ್ನು ಅದರ ಮೇಲೆ ಸರಿಸಿ, ಕೆಳಗೆ ಅಡ್ಡೆಗಳನ್ನು ತೂರಿಸಿ ಹೆಗಲಿಗೆತ್ತಿದರು. ನಾನು ಚೀಲ ಬಿಡದೆ ಪಕ್ಕದಲ್ಲಿ ತುದಿಗಾಲಲ್ಲಿ ನಡೆದೆ. ಹಲಗೆ ಹಗ್ಗದ ಹತ್ತಿರ ಬಂತು. ಅಪ್ಪನ ಕಾಲು ಚಿಕ್ಕಪ್ಪನ ಎದೆಗೆ ತಾಕುವಷ್ಟು ಹತ್ತಿರ. ಆ ಪಾದಗಳನ್ನು ಅವನು ನೋಡಿದ. ಒಮ್ಮೆ ಬಾಯಿ ತೆರೆದು ಕೆಮ್ಮಿದ, ಕೆಮ್ಮು ನಿಲ್ಲಲಿಲ್ಲ, ಬಗ್ಗಿ ಬಗ್ಗಿ ಕೆಮ್ಮಿದ. ಹಗ್ಗ ನೆಲಕ್ಕೆ ಬಿತ್ತು. ಕೆಮ್ಮಿನಿಂದ ಬಿತ್ತೋ, ಅವನೇ ಬಿಟ್ಟನೋ, ಯಾರೂ ಕೇಳಲಿಲ್ಲ. ಹೆಂಗಸರು ದಾಟಿದರು.

“ಹೇ” ಎಂದಳು ಯಿನ್‌ಚಾಯ್ ದೊಡ್ಡಮ್ಮ. “ಹೋ” ಎಂದರು ಹಿಂದಿನವರು. ನಾನು ಆ ಲಯಕ್ಕೆ ಒತ್ತಿದೆ, ಬಿಟ್ಟೆ. ಅವ್ವ ಜೋರಾಗಿ ದಾರಿ ಹೇಳುತ್ತ ಬಂದಳು. “ಬಾವಿ ಬಂತು ಕಣ್ರೀ. ಬಲಗಡೆ ತಿರುಗ್ತಾ ಇದೀವಿ. ಸಣ್ಣ ಮೆಟ್ಲೈತೆ, ಎಡವಬ್ಯಾಡಿ.”

ಶೆಡ್ಡುಗಳ ಕಲ್ಲು ಕೊಯ್ಯುವ ಗರಗಸಗಳು ಒಂದೊಂದಾಗಿ ನಿಂತವು. ಬೆಳಗಿನಿಂದ ಸಂಜೆತನಕ ಕೇಳುವ ಆ ಕಿರುಚಾಟ ನಿಂತಾಗ ಊರು ನನಗೆ ಗುರುತು ಸಿಗದ ಹಾಗಾಯಿತು. ಗಂಡಸರು ಹೊರಗೆ ಬಂದರು. ತಲೆ, ಹುಬ್ಬು, ರೆಪ್ಪೆಯೆಲ್ಲ ಬಿಳಿ. ಹಿಟ್ಟಿನಲ್ಲಿ ಹೊರಳಿಸಿದಂಥ ಗಂಡಸರು, ಅಪ್ಪನ ಜೊತೆ ಕೂತು ಸಿಂಹಗಳ ಹಲ್ಲು ಕೊರೆದವರು, ನಮ್ಮ ಹಿಂದೆ ಬಂದರು. ಮೊದಲು ಕೆಮ್ಮು ಕೇಳುತ್ತಿತ್ತು, ಆಮೇಲೆ ಹೆಜ್ಜೆ.

ನಡುಮನೆಯಲ್ಲಿ ಎರಡು ಬೆಂಚಿನ ಮೇಲೆ ಹಲಗೆಯಿಟ್ಟು, ಬಾಗಿಲ ಕಡೆ ಕಾಲು ಮಾಡಿ ಅಪ್ಪನನ್ನು ಮಲಗಿಸಿದರು. ಅವ್ವ ಬಿಸಿನೀರಲ್ಲಿ ಬಟ್ಟೆ ಅದ್ದಿ ಅವನ ಮುಖ ಒರೆಸಿದಳು. ಬಟ್ಟೆ ಬೆಳ್ಳಗಾಯಿತು, ಹಿಂಡಿದಳು, ಮತ್ತೆ ಒರೆಸಿದಳು. “ಮನೆ ಬಂತು ಕಣ್ರೀ” ಎಂದಳು. “ಮಗಳು ಕರ್ಕಬಂದ್ಲು.”

ಗಂಡಸರು ನಡುಮನೆ ತುಂಬಿ ಅಂಗಳಕ್ಕೂ ನಿಂತರು. ಎಲ್ಲರೂ ಅಪ್ಪನ ಎದೆಯನ್ನೇ ನೋಡುತ್ತಿದ್ದರು. ನನ್ನ ಕೈಗೆ ಸರಿಯಾಗಿ ಅದು ಏಳುತ್ತಿತ್ತು, ಇಳಿಯುತ್ತಿತ್ತು.

“ಏನಾಗಿತ್ತು ಮಗಾ?” ಎಂದ ಒಬ್ಬ. ನಡುಮನೆಯಲ್ಲಿ ಮಲಗಿದವರ ಬಗ್ಗೆ ಕೇಳುವ ಮಾತು.

“ಕಲ್ಲು ಕಣಣ್ಣಾ. ಎದೆ ತುಂಬ ಕಲ್ಲಿನ ಪುಡಿ. ಡಾಕ್ಟರು ಪಟ ತೋರ್ಸಿದ್ರು, ನಾನೇ ನೋಡ್ದೆ. ಸಿಗರೇಟಲ್ಲ, ದೆವ್ವ ಅಲ್ಲ. ನಿಮ್ಮೆಲ್ಲಾರ ಎದೆಲೂ ಅದೇ ಐತೆ.”

ಕೇಳಿದವನು ತನ್ನ ಅಂಗಿಯ ಮೇಲಿನ ಬಿಳಿಯನ್ನು ಬೆರಳಲ್ಲಿ ಮುಟ್ಟಿ, ಆ ಬೆರಳನ್ನು ಕಣ್ಣ ಹತ್ತಿರ ತಂದು ನೋಡಿಕೊಂಡ. ಹೊರಗೆ ಧಣಿಯ ಕಾರಿನ ಹಾರ್ನು ಮತ್ತೆ ಮತ್ತೆ ಕೂಗಿತು. ಗರಗಸದ ಹತ್ತಿರಕ್ಕೆ ಒಬ್ಬರೂ ವಾಪಸು ಹೋಗಲಿಲ್ಲ.

“ಸಾಕು ಮಗಳೇ” ಎಂದಳು ಅವ್ವ.

ನನಗೆ ಬಿಡಲಾಗಲಿಲ್ಲ. ಬಿಡಬೇಕೆಂದುಕೊಂಡೆ, ಬೆರಳು ಬಿಚ್ಚಲೊಲ್ಲವು. ಕಲ್ಲು ಹೊತ್ತು ಬಂದ ಸಂಜೆಗಳಲ್ಲಿ ಅಡ್ಡೆಯಿಂದ ಕೈ ಬಿಡಿಸುವ ಹಾಗೆ ಅವ್ವ ಒಂದೊಂದೇ ಬೆರಳನ್ನು ಬಿಡಿಸಿದಳು. ಚೀಲ ಗಾಳಿ ತುಂಬಿಕೊಂಡು ಉಬ್ಬಿತು, ಹಾಗೆಯೇ ನಿಂತಿತು.